ಬಿದಿಗೆಯ ಕರೆ

ಅಕ್ಟೋಬರ್ 7, ಮಂಗಳವಾರ

ನೋವು: ಇಲ್ಲ. ನಡಿಗೆ: ಅರ್ಧ ಗಂಟೆ.

ಹೀಗೆ ದಿನಾ ಬರೆದಿಡಬೇಕೆಂದು ಎದೆಯ ಡಾಕ್ಟರು ಹೇಳಿದ್ದಾರೆ. ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವನು ನಾನು. ನನ್ನ ಅಕ್ಷರ ನೋಡಿ ಮೇಷ್ಟ್ರು ಶಾಲೆಯ ಬೋರ್ಡನ್ನೇ ನನ್ನ ಕೈಲಿ ಬರೆಸಿದ್ದರು. ‘ಶೌಚಾಲಯ’ ಎಂಬ ಬೋರ್ಡು. ಆದರೂ ಬೋರ್ಡು ಬೋರ್ಡೇ.

ಡಾಕ್ಟರಿಗೆ ತೋರಿಸುವ ಚೀಟಿ ಬೇರೆ ಇದೆ. ಅದರಲ್ಲಿ ಮೇಲಿನ ಒಂದು ಸಾಲು ಮಾತ್ರ. ಈ ಪುಸ್ತಕ ಸೋಫಾದ ಅಳತೆ ಬರೆಯಲು ತಂದದ್ದು. ಹಿಂದಿನ ಪುಟದಿಂದ ಶುರುಮಾಡಿದ್ದೇನೆ. ಯಾರಿಗೂ ತೋರಿಸುವುದಿಲ್ಲ.

ಎದೆಯಲ್ಲಿ ಮೂರು ಕಡೆ ರಕ್ತದ ದಾರಿ ಕಟ್ಟಿಕೊಂಡಿದೆಯಂತೆ. 27ನೇ ತಾರೀಕು ಸೋಮವಾರ ಬಿಚ್ಚುತ್ತಾರೆ. ನಾನು ಹೇಳಿದೆ, “ಡಾಕ್ಟರೇ, ಮೂವತ್ತೆಂಟು ವರ್ಷದಿಂದ ನಾನೂ ಇದೇ ಕೆಲಸ ಮಾಡ್ತಿರೋದು. ಕುರ್ಚಿ ಬಿಚ್ಚೋದು, ಒಳಗೆ ಕೆಟ್ಟಿದ್ದನ್ನ ತೆಗೆಯೋದು, ಮುಚ್ಚಿ ಹೊಲಿಯೋದು. ನಿಮ್ಮ ಸೂಜಿ ಒಂದ್ಸಲ ತೋರಿಸಿ.” ಅವರು ನಗುತ್ತಾ ಒಂದು ಚಿತ್ರ ತೋರಿಸಿದರು. ಬಾಗಿದ ಸೂಜಿ! ಸೋಫಾದ ಮೂಲೆ ಹೊಲಿಯುವ ನನ್ನ ಸೂಜಿಯೂ ಹಾಗೇ, ಅರ್ಧಚಂದ್ರದ ಹಾಗೆ ಬಾಗಿದೆ. “ನೋಡಿದ್ರಾ, ನಮ್ಮಿಂದ ಕಲಿತದ್ದು ನೀವು” ಎಂದೆ. ಒಪ್ಪಿಕೊಂಡರು. ಒಪ್ಪಿಕೊಳ್ಳದೆ ಏನು ಮಾಡುತ್ತಾರೆ?

ಹೊರಗೆ ಕೂತಿದ್ದ ಗುಮಾಸ್ತೆ ಒಂದು ಫಾರಂ ಕೊಟ್ಟಳು. ಕೊನೆಯ ಸಾಲಿನಲ್ಲಿ ‘ಹತ್ತಿರದ ಸಂಬಂಧಿಯ ಸಹಿ’ ಎಂದಿತ್ತು.

“ನನಗೆ ನನಗಿಂತ ಹತ್ತಿರದವರು ಯಾರಮ್ಮ? ನಾನೇ ಹಾಕ್ತೀನಿ” ಎಂದೆ.

ಅವಳು ನಗಲಿಲ್ಲ. “ಸಹಿ ಇಲ್ದಿದ್ರೆ ಆಪರೇಷನ್ ಇಲ್ಲ. ಭಾನುವಾರ ಸೇರ್ಕೊಳ್ಳೋಕೆ ಬರ್ತೀರಲ್ಲ, ಆಗ ತನ್ನಿ.”

ನಾನು ಮದುವೆಯಾಗಲಿಲ್ಲ. ನನಗಾಗಿ ಎಷ್ಟು ಜನ ಕಾದಿದ್ದರು ಎನ್ನುವುದು ಬೇರೆ ವಿಷಯ. ಸಂಬಂಧಿ ಎಂದರೆ ಒಬ್ಬಳು ಅಕ್ಕ. ಎರಡು ಬಸ್ ಸ್ಟಾಪಿನಾಚೆ ಇದ್ದಾಳೆ. ಆರು ವರ್ಷದಿಂದ ಮುಖ ನೋಡಿಲ್ಲ.

ಫಾರಮನ್ನು ಕತ್ತರಿಯ ಡಬ್ಬದ ಕೆಳಗೆ ಇಟ್ಟಿದ್ದೇನೆ.


ಅಕ್ಟೋಬರ್ 9, ಗುರುವಾರ

ನೋವು: ಇಲ್ಲ. ನಡಿಗೆ: ಔಷಧದಂಗಡಿಯವರೆಗೆ.

ಸಿಕ್ಕಿಬಿದ್ದೆ. ಆಸ್ಪತ್ರೆಯ ಎದುರಿನ ಔಷಧದಂಗಡಿಯ ಕೌಂಟರಿನ ಹಿಂದೆ ಗುಂಡಿ ನಿಂತಿದ್ದಳು. ಗುಂಡಿ ಎಂದರೆ ಅಕ್ಕನ ಮಗಳು. ಮೂರು ವರ್ಷದವಳಿದ್ದಾಗ ನನ್ನ ಅಂಗಡಿಯಲ್ಲಿ ದಿಂಬಿನ ಗುಂಡಿ ನುಂಗಿ ಎರಡು ದಿನ ಇಡೀ ಮನೆಯನ್ನು ಕಾಯಿಸಿದವಳು. ಈಗ ಮೂವತ್ತು ದಾಟಿದರೂ ನನಗೆ ಗುಂಡಿಯೇ. ಇವಳು ಬೇರೆ ಬಡಾವಣೆಯ ಅಂಗಡಿಯಲ್ಲಿದ್ದಾಳೆ ಎಂದುಕೊಂಡಿದ್ದೆ. ಹೋದ ತಿಂಗಳು ಇಲ್ಲಿಗೆ ಹಾಕಿದರಂತೆ.

ಡಾಕ್ಟರು ಬರೆದುಕೊಟ್ಟ ಔಷಧದ ಚೀಟಿ ಓದಿದಳು. “ಇದೆಲ್ಲಾ ಎದೆಗೆ ಕೊಡೋದು.”

“ನಮ್ಮ ಪಕ್ಕದಂಗಡಿಯವನಿಗೆ.”

“ಮೇಲೆ ನಿನ್ನ ಹೆಸರಿದೆ ಮಾವ.”

ಎಲ್ಲಾ ಬಾಯಿ ಬಿಡಿಸಿದಳು. ಫಾರಮಿನ ವಿಷಯವನ್ನೂ. “ಕೊಡು, ನಾನು ಹಾಕ್ತೀನಿ ಸಹಿ” ಎಂದಳು. ಬೇಡ ಎಂದೆ. ಅಕ್ಕ ಗಟ್ಟಿಮುಟ್ಟಾಗಿ ಇರುವಾಗ ಅಕ್ಕನ ಮಗಳ ಸಹಿ ಹಾಕಿಸಿದರೆ ಆಸ್ಪತ್ರೆಯವರು ಏನಂದುಕೊಳ್ಳುತ್ತಾರೆ?

“ಹಾಗಾದ್ರೆ ಅಮ್ಮನಿಗೆ ಹೇಳ್ಲಾ?”

“ಹೇಳಿ ನೋಡು. ಆ ಗುಂಡಿ ಹೇಗೆ ಹೊರಗೆ ಬಂತು ಅನ್ನೋದನ್ನ ನಿನ್ನ ಗಂಡನಿಗೆ ವಿವರವಾಗಿ ಹೇಳ್ತೀನಿ.”

ಬಾಯಿ ಮುಚ್ಚಿಕೊಂಡಳು.

ಜಗಳದ ವಿಷಯ ಬರೆದುಬಿಡುತ್ತೇನೆ. ಬರೆದರೆ ಯಾರ ತಪ್ಪು ಎಂದು ತಾನೇ ಗೊತ್ತಾಗುತ್ತದೆ. ಅಮ್ಮ ಕೊನೆಯ ಹನ್ನೊಂದು ವರ್ಷ ನನ್ನ ಜೊತೆ, ಅಂಗಡಿಯ ಹಿಂದಿನ ಈ ಎರಡು ಕೋಣೆಗಳಲ್ಲೇ ಇದ್ದಳು. ಅವಳು ಕೂರುತ್ತಿದ್ದ ಕೈಕುರ್ಚಿಯನ್ನು ಅವಳು ಹೋದ ಮೇಲೆ ಅಕ್ಕ ತೆಗೆದುಕೊಂಡು ಹೋದಳು. ಸ್ಪ್ರಿಂಗು ಕುಸಿದಿತ್ತು. “ಅದೊಂದು ಸರಿಮಾಡಿಕೊಡು” ಎಂದು ನನ್ನಲ್ಲಿಗೇ ಕಳಿಸಿದಳು. ನಾನು ಬರೀ ಸ್ಪ್ರಿಂಗು ಕಟ್ಟಿ ಕೈತೊಳೆದುಕೊಳ್ಳುವವನೇ? ಪೂರ್ತಿ ಬಿಚ್ಚಿದೆ. ಹೊಸ ನಾರು, ಹೊಸ ಸ್ಪಂಜು, ಮೇಲೆ ಮಿರಿಮಿರಿ ಮಿಂಚುವ ಕೆಂಪು ರೆಕ್ಸಿನ್, ಅಂಚಿಗೆ ಸಾಲಾಗಿ ಹಿತ್ತಾಳೆ ಮೊಳೆ. ಮಂತ್ರಿಯನ್ನು ಕೂರಿಸಬಹುದಿತ್ತು. ಅಕ್ಕ ಬಂದು ನೋಡಿದಳು. ತಲೆ ಆನಿಸುವ ಜಾಗದ ಮೇಲೆ ಕೈಯಾಡಿಸಿದಳು.

“ಹಳೇ ಬಟ್ಟೆ ಎಲ್ಲಿ?” ಎಂದಳು. ಒಂದು ಹೊಗಳಿಕೆಯ ಮಾತಿಲ್ಲ! ನನಗೆ ಉರಿದುಹೋಯಿತು.

“ಕಸಕ್ಕೆ ಹಾಕಿದೆ. ಎಣ್ಣೆ ಕಲೆ ಹಿಡಿದ ಚಿಂದಿ ಇಟ್ಕೊಂಡು ಪೂಜೆ ಮಾಡ್ತೀಯಾ?”

“ಅದು ಅಮ್ಮನ ತಲೆ ಎಣ್ಣೆ ಕಣೋ” ಎಂದಳು. ಕುರ್ಚಿಯನ್ನು ಮುಟ್ಟದೆ ಹೊರಟುಹೋದಳು.

ಅಂದಿನಿಂದ ಅದು ಇಲ್ಲೇ ಇದೆ. ಈಗಲೂ ಅದರಲ್ಲೇ ಕೂತು ಬರೆಯುತ್ತಿದ್ದೇನೆ. ಸೆಕೆಗೆ ಬೆನ್ನಿಗೆ ಅಂಟುತ್ತದೆ, ಅಷ್ಟೇ. ಕೆಲಸದಲ್ಲಿ ಒಂದು ಐಬು ತೋರಿಸಲಿ ಯಾರಾದರೂ.


ಅಕ್ಟೋಬರ್ 13, ಸೋಮವಾರ

ನೋವು: ಇಲ್ಲ. ಮೆಟ್ಟಿಲ ಮೇಲೆ ಎರಡು ಸಲ ನಿಂತದ್ದು ಬೆಕ್ಕನ್ನು ನೋಡಲಿಕ್ಕೆ.

ಪಕ್ಕದಂಗಡಿಯ ಗಡಿಯಾರದವನು ಊಟಕ್ಕೆ ಹೋದಾಗ ಅವನ ಒಂಬತ್ತು ಅಲಾರಂಗಳಿಗೂ ಮೂರು ಗಂಟೆಯ ಕೀಲಿ ಕೊಟ್ಟಿಟ್ಟೆ. ಸರಿಯಾಗಿ ಮೂರಕ್ಕೆ ಒಟ್ಟಿಗೆ ಬಡಿದುಕೊಂಡವು. ಅವನ ಕಣ್ಣಿನ ಭೂತಗನ್ನಡಿ ಚಹಾದ ಲೋಟಕ್ಕೆ ಬಿತ್ತು. ಬಯ್ಯಲು ಬಂದವನು ನನ್ನ ಮುಖ ನೋಡಿ, “ಬಿಳಿಚ್ಕೊಂಡಿದ್ದೀಯಲ್ಲಯ್ಯ, ಕೂತ್ಕೋ” ಎಂದ. ತಮಾಷೆಯೇ ಕೆಟ್ಟುಹೋಯಿತು.

27ರ ಆಪರೇಷನ್ ವಿಷಯ ಅವನಿಗೂ ಹೇಳಬೇಕಾಯಿತು. ಅಂಗಡಿಯ ಬೀಗದ ಕೈ ಅವನ ಹತ್ತಿರ ಇರಬೇಕಲ್ಲ.


ಅಕ್ಟೋಬರ್ 17, ಶುಕ್ರವಾರ

ನೋವು: ಇಲ್ಲ. ನಡಿಗೆ: ಇಲ್ಲ.

ಭಾರ ಎತ್ತುವ ಹಾಗಿಲ್ಲ, ಹೊಸ ಕೆಲಸ ಹಿಡಿಯುವ ಹಾಗಿಲ್ಲ. ಕೂತಲ್ಲೇ ಅಳತೆ ಬಟ್ಟೆಗಳನ್ನು ವಿಂಗಡಿಸಿದೆ. ನಮ್ಮ ಕೆಲಸದಲ್ಲಿ ಕುರ್ಚಿಯಿಂದ ಬಿಚ್ಚಿದ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ. ಹೊಲಿಗೆ ಬಿಡಿಸಿ, ತುಂಡುಗಳನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುತ್ತೇವೆ. ಕತ್ತರಿಸಿದ ಮೇಲೆ ಹಳೆಯದನ್ನು ಗಂಟು ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ ಗೋಡೆಯ ಮೊಳೆಗೆ ನೇತುಹಾಕುತ್ತೇವೆ. ಅಂಥ ಗಂಟುಗಳು ನನ್ನ ಗೋಡೆಯಲ್ಲಿ ನೂರಕ್ಕೆ ಕಡಿಮೆ ಇಲ್ಲ.

ಮೂಲೆಯ ಮೊಳೆಯಲ್ಲಿ, ಹದಿನಾಲ್ಕು ಗಂಟುಗಳ ಕೆಳಗೆ, ನನ್ನದೇ ಅಕ್ಷರದಲ್ಲಿ ಒಂದು ಚೀಟಿ. ‘ಅಮ್ಮ, ಕೈಕುರ್ಚಿ.’

ಕಸಕ್ಕೆ ಹಾಕಿದೆ ಎಂದು ಅವತ್ತು ಕೋಪದಲ್ಲಿ ಹೇಳಿದ್ದೆ. ಹೇಳಿದ ಮೇಲೆ ಆರು ವರ್ಷ ನಾನೂ ಅದನ್ನೇ ನಂಬಿದ್ದೆ.

ಕಂದು ಬಟ್ಟೆ, ಸಣ್ಣ ಎಲೆಯ ಚಿತ್ರ. ಎಂಟು ತುಂಡುಗಳಿವೆ. ಕೈಯಿಡುವ ಎರಡು ತುಂಡು ಸವೆದು ಜಾಳಾಗಿವೆ. ಬೆನ್ನಿನ ತುಂಡಿನ ಮೇಲ್ಭಾಗದಲ್ಲಿ ಅಂಗೈಯಗಲದ ಕಲೆ. ಮೂಸಿ ನೋಡಿದೆ. ಬರೀ ಧೂಳು.

ಮತ್ತೆ ಗಂಟು ಕಟ್ಟಿ ನೇತುಹಾಕಿದ್ದೇನೆ. ಅಳತೆಗೆ ಬೇಕಾಗುತ್ತದೆ.


ಅಕ್ಟೋಬರ್ 20, ಸೋಮವಾರ

ನೋವು: ಇಲ್ಲ.

ದೀಪಾವಳಿ. ಬಾಗಿಲಿಗೆ ಎರಡು ಹಣತೆ ಇಟ್ಟೆ. ಗಡಿಯಾರದವನು ನಾಲ್ಕು ಇಟ್ಟಿದ್ದ. ನಾನು ಒಳಗೆ ಹೋಗಿ ಇನ್ನೂ ಮೂರು ತಂದೆ.

ಅವನ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೇಳಿದ, “ಗುರುವಾರ ಸೋದರ ಬಿದಿಗೆ ಅಂತ ಬರೆದಿದೆ. ಏನದು? ನನಗೆ ಅಕ್ಕತಂಗಿ ಯಾರೂ ಇಲ್ಲ, ಗೊತ್ತಿಲ್ಲಪ್ಪ.”

ಇಂಥ ವಿಷಯ ನನ್ನನ್ನು ಬಿಟ್ಟು ಇನ್ನಾರನ್ನು ಕೇಳಬೇಕು? ಹೇಳಿದೆ. “ಯಮ, ಯಮುನೆ ಇಬ್ರೂ ಸೂರ್ಯನ ಮಕ್ಕಳು. ಅವಳಿಗೆ ಅಣ್ಣನ್ನ ಕಂಡ್ರೆ ಪ್ರಾಣ. ಊಟಕ್ಕೆ ಬಾ, ಊಟಕ್ಕೆ ಬಾ ಅಂತ ಕರೀತಾನೇ ಇದ್ಲು. ಇವನು ಹೋಗ್ಲೇ ಇಲ್ಲ.”

“ಯಾಕಂತೆ?”

“ಕೆಲಸ ಕಣಯ್ಯ! ಯಮನಿಗೆ ಕೆಲಸ ಕಡಿಮೆಯಾ? ಕೊನೆಗೆ ಕಾರ್ತಿಕದ ಬಿದಿಗೆ ದಿನ ಬಿಡುವು ಮಾಡ್ಕೊಂಡು ಹೋದ. ಅವಳು ಹಣೆಗೆ ತಿಲಕ ಇಟ್ಲು, ಆರತಿ ಎತ್ತಿದ್ಲು, ಕೈಯಾರೆ ಬಡಿಸಿದ್ಲು. ಅವನಿಗೆ ಸಂತೋಷ ತಡೀಲಿಲ್ಲ. ಏನು ವರ ಬೇಕೋ ಕೇಳು ಅಂದ. ಪ್ರತಿ ವರ್ಷ ಈ ದಿನ ನಮ್ಮನೆಗೆ ಬಾ, ಇವತ್ತು ಅಕ್ಕತಂಗಿ ಕೈಲಿ ಉಂಡವನಿಗೆ ನಿನ್ನ ಭಯ ಇರಬಾರದು ಅಂದ್ಲು. ಆಗಲಿ ಅಂದ.”

“ಓಹೋ! ಹಾಗಾದ್ರೆ ಗುರುವಾರ ನಿಮ್ಮಕ್ಕನ ಮನೇಲಿ ಉಂಡುಬಿಡು. ಸೋಮವಾರಕ್ಕೆ ಡಾಕ್ಟರೂ ಬೇಡ.”

“ಅದು ಹಾಗಲ್ಲ. ಅವಳು ಕರೀಬೇಕು. ಕರೆಯದೆ ಹೋದ್ರೆ ಅದು ಬರೀ ಊಟ.”

“ಆರು ವರ್ಷದಲ್ಲಿ ಒಂದ್ಸಲಾನೂ ಕರೀಲಿಲ್ವಾ?”

ಗಿರಾಕಿ ಬಂದಿದ್ದಾರೆ ಎಂದು ಎದ್ದು ಬಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಕುರ್ಚಿ ಒಂದು ವಾರದಿಂದ ಕಿರುಗುಟ್ಟುತ್ತಿದೆ. ಕಾರಣ ನೋಡಬೇಕೆಂದು ಸಂಜೆ ಹಿತ್ತಾಳೆ ಮೊಳೆಗಳನ್ನು ಕಿತ್ತು ರೆಕ್ಸಿನ್ ಬಿಚ್ಚಿದೆ. ಕೈ ನಡುವೆ ನಡುವೆ ನಿಂತಿತು. ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇದರ ಒಂದು ಕಾಲು ಗಿಡ್ಡ.


ಅಕ್ಟೋಬರ್ 22, ಬುಧವಾರ

ನೋವು: ಸ್ವಲ್ಪ. ಚೀಟಿಯಲ್ಲಿ ‘ಇಲ್ಲ’ ಎಂದಿದ್ದೇನೆ. ಹಬ್ಬದ ದಿನ ಡಾಕ್ಟರಿಗೆ ಯಾಕೆ ತೊಂದರೆ?

ಕ್ಷೌರ ಮಾಡಿಸಿಕೊಂಡು ಬಂದೆ. ಕೂದಲು ಬೆಳೆದಿತ್ತು.

ಕುರ್ಚಿಯನ್ನು ಬೆತ್ತಲೆ ಬಿಡುವುದು ಸರಿ ಕಾಣಲಿಲ್ಲ. ಹೊಸ ಬಟ್ಟೆ ತರಲು ಹಬ್ಬದಲ್ಲಿ ಅಂಗಡಿ ತೆಗೆದಿಲ್ಲ. ಗೋಡೆಯ ಮೊಳೆಯಲ್ಲಿದ್ದ ಅಮ್ಮನ ಗಂಟನ್ನೇ ಬಿಚ್ಚಿದೆ. ಬೇರೆ ಇದ್ದದ್ದೇನು? ಸವೆದ ಕೈತುಂಡುಗಳ ಒಳಗೆ ಗಟ್ಟಿ ಬಟ್ಟೆ ಇಟ್ಟು ಎಳೆ ಎಳೆಗೆ ಹೊಲಿದೆ. ಬಾಗಿದ ಸೂಜಿ ಒಳಗೆ ಹೋಗಿ ತಾನಾಗಿ ಹೊರಗೆ ಬರುತ್ತದೆ, ಹಿಂಬದಿಯಲ್ಲಿ ಕೈ ಹಾಕುವ ಅಗತ್ಯವೇ ಇಲ್ಲ. ಡಾಕ್ಟರೂ ಇದೇ ಕಾರಣಕ್ಕೆ ಬಳಸುವುದಿರಬೇಕು. ಒಂದು ಮೊಳ ಹೊಲಿಯುವಷ್ಟರಲ್ಲಿ ಮೂರು ಸಲ ಕೂತೆ.

ಕಲೆಯಿರುವ ತುಂಡನ್ನು ಸಾಬೂನಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆಯಲಿಲ್ಲ. ಒಣಗಲು ಒಂದು ದಿನ ಬೇಕಲ್ಲ.


ಅಕ್ಟೋಬರ್ 23, ಗುರುವಾರ

ಬಿದಿಗೆ.

ಬೆಳಿಗ್ಗೆ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡೆ. ಸುಮ್ಮನೆ. ಫೋನನ್ನು ಹೊಲಿಗೆ ಮೇಜಿನ ಮೇಲೆ ಇಟ್ಟುಕೊಂಡೆ. ಹತ್ತೂಕಾಲಿಗೆ ಬಡಿಯಿತು. ಸೋಫಾ ಯಾವಾಗ ಕೊಡುತ್ತೀರಿ ಎಂದು ಯಾರೋ ಕೇಳಿದರು. ಮುಂದಿನ ತಿಂಗಳು ಎಂದೆ. ಹನ್ನೆರಡಕ್ಕೆ ಮತ್ತೆ ಬಡಿಯಿತು, ತಪ್ಪು ನಂಬರು. ಅವನನ್ನು ಬೈದೆ. ಒಂದು ಗಂಟೆಗೆ ಫೋನು ಕೆಟ್ಟಿದೆಯೋ ಎಂದು ಗಡಿಯಾರದವನ ಕೈಲಿ ಒಂದು ಸಲ ಮಾಡಿಸಿ ನೋಡಿದೆ. ಕೆಟ್ಟಿರಲಿಲ್ಲ. ಎರಡು ಗಂಟೆಗೆ ಬ್ರೆಡ್ಡು ತಿಂದೆ.

ನಾಲ್ಕಕ್ಕೆ ಗುಂಡಿ ಬಂದಳು. ನನ್ನ ಅಂಗಿ ನೋಡಿದಳು, ಬ್ರೆಡ್ಡಿನ ತುಣುಕು ನೋಡಿದಳು, ಕುರ್ಚಿಯನ್ನು ಮಾತ್ರ ಬಹಳ ಹೊತ್ತು ನೋಡಿದಳು.

“ಅಮ್ಮ ಮೂರು ಗಂಟೆವರೆಗೂ ಊಟ ಮಾಡ್ಲಿಲ್ಲ. ಎರಡು ತಟ್ಟೆ ಹಾಕ್ಕೊಂಡು ಕೂತಿದ್ಲು. ಪ್ರತಿ ವರ್ಷ ಇದೇ.”

“ಕಾಯೋದು ಯಾಕೆ? ಕರೀಬೇಕು ತಾನೇ? ಫೋನಿದೆ, ಕೈಯಿದೆ, ಬಾಯಂತೂ ಇದ್ದೇ ಇದೆ.”

“ಮೂರು ವರ್ಷ ಕರೆದ್ಲು ಮಾವ. ನೀನು ಏನಂದೆ?”

ಬ್ರೆಡ್ಡಿನ ತುಣುಕು ಎತ್ತಿ ಹಾಕಿದೆ. ಏನಂದೆ ಎನ್ನುವುದನ್ನು ಇಲ್ಲಿ ಬರೆಯುತ್ತೇನೆ. ಮೊದಲ ವರ್ಷ ‘ಮದುವೆ ಮಂಟಪದ ನೂರು ಕುರ್ಚಿ ಇದೆ’ ಎಂದೆ. ಇದ್ದದ್ದು ಹನ್ನೆರಡು. ಎರಡನೇ ವರ್ಷ ‘ಕೆಲಸ ಇದೆ’ ಎಂದೆ. ಮೂರನೇ ವರ್ಷ ಫೋನು ತೆಗೆಯಲಿಲ್ಲ. ಸೋಮವಾರ ಆ ಗಡಿಯಾರದವನಿಗೆ ಕಥೆ ಹೇಳುವಾಗ ‘ಕೆಲಸ ಕಣಯ್ಯ’ ಎಂದದ್ದು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂದಿತ್ತು! ಯಮನಾದರೂ ಕೊನೆಗೆ ಹೋದ.

“ಸರಿ, ಇವತ್ತಿನ ದಿನ ಮುಗೀತು. ಇನ್ನು ಮುಂದಿನ ವರ್ಷ” ಎಂದೆ. ಎಂದ ಮೇಲೆ ಆ ಮಾತು ಹಿಡಿಸಲಿಲ್ಲ.

“ನಾಳೆ ಏನು ಮಾವ?”

“ಶುಕ್ರವಾರ.”

“ಅಕ್ಕನ ತದಿಗೆ! ಬಿದಿಗೆ ದಿನ ಅಕ್ಕ ತಮ್ಮನ್ನ ಕರೀತಾಳೆ. ತದಿಗೆ ದಿನ ತಮ್ಮ ಅಕ್ಕನ್ನ ಕರೀತಾನೆ. ನಾಳೆ ನಿಂದು. ಪುರಾಣ ಎಲ್ಲಾ ಅರೆದು ಕುಡಿದಿದ್ದೀನಿ ಅಂತೀಯ, ಇಷ್ಟು ಗೊತ್ತಿಲ್ವಾ?”

ಗೊತ್ತಿತ್ತು, ಆದರೆ ಬೇರೆ ಥರ. ಅಮ್ಮ ಇದ್ದಾಗ ಆ ದಿನ ಅಮ್ಮ ಅಡುಗೆ ಮಾಡುತ್ತಿದ್ದಳು, ಅಕ್ಕ ಬಂದು ಉಂಡು, ಸೀರೆ ಇಸಿದುಕೊಂಡು ಹೋಗುತ್ತಿದ್ದಳು. ತಾಯಿ ಮಗಳನ್ನು ಕರೆಯುವ ಹಬ್ಬ ಎಂದುಕೊಂಡಿದ್ದೆ. ಅಮ್ಮ ಕರೆಯುತ್ತಿದ್ದದ್ದು ನನ್ನ ಪರವಾಗಿ ಎಂದು ತಿಳಿದಿರಲಿಲ್ಲ. ಅಮ್ಮ ಹೋದ ಮೇಲೆ ಆ ಹಬ್ಬವೂ ಹೋಯಿತು ಎಂದು ಬಿಟ್ಟುಬಿಟ್ಟೆ. ಅಂದರೆ ಇಷ್ಟು ವರ್ಷ ಅಕ್ಕ ಎರಡು ದಿನ ಕಾದಿದ್ದಾಳೆ. ಒಂದು ದಿನ ನಾನು ಬರುತ್ತೇನೆಂದು, ಇನ್ನೊಂದು ದಿನ ನಾನು ಕರೆಯುತ್ತೇನೆಂದು.

ಗುಂಡಿ ಹೋದ ಮೇಲೆ ಫೋನು ಮಾಡಿದೆ.

“ಅಕ್ಕಾ, ನಾನು.”

“ಗೊತ್ತಾಯ್ತು.”

“ನಾಳೆ ತದಿಗೆ.”

“ಅದೂ ಗೊತ್ತು.”

“ಊಟಕ್ಕೆ ಬಾ.”

ಫೋನು ಇಟ್ಟುಬಿಟ್ಟಳು ಎಂದುಕೊಂಡೆ. ಆಮೇಲೆ, “ಅಡುಗೆ ಯಾರದು?”

“ನಂದೇ.”

“ಹಾಗಾದ್ರೆ ಮನೇಲಿ ಸ್ವಲ್ಪ ತಿಂದ್ಕೊಂಡೇ ಬರ್ತೀನಿ.”

ನೋವು ಬರೆಯುವುದು ಮರೆತೆ.


ಅಕ್ಟೋಬರ್ 24, ಶುಕ್ರವಾರ

ಕುರ್ಚಿಯ ಕೊನೆಯ ಹೊಲಿಗೆ ಬೆಳಿಗ್ಗೆ ಹಾಕಿದೆ. ನನ್ನ ಕೈಯಿಂದ ಇಷ್ಟು ಹಳೇ ಮುಖದ ಕುರ್ಚಿ ಯಾವತ್ತೂ ಹೊರಬಿದ್ದಿಲ್ಲ. ತೇಪೆ ಕಾಣುತ್ತದೆ, ಕಲೆ ಕಾಣುತ್ತದೆ. ಗಿರಾಕಿ ಯಾರಾದರೂ ನೋಡಿದರೆ ನನ್ನ ಹೆಸರು ಹೋಗುತ್ತದೆ ಎಂದು ಒಳಗಿನ ಕೋಣೆಗೆ ತಳ್ಳಿದೆ. ಎತ್ತಲಿಲ್ಲ, ತಳ್ಳಿದೆ.

ಅಡುಗೆ: ಅನ್ನ, ಬೇಳೆ, ಬದನೆಕಾಯಿ ಪಲ್ಯ, ಹಾಲಿನಲ್ಲಿ ಬೇಯಿಸಿದ ಸಿಹಿಯನ್ನ. ಸಿಹಿಯನ್ನ ತಳ ಹಿಡಿಯಿತು. ಮೇಲಿನದನ್ನು ಬೇರೆ ಪಾತ್ರೆಗೆ ಹಾಕಿ ತಳದ್ದನ್ನು ಬಚ್ಚಿಟ್ಟೆ.

ಹನ್ನೆರಡೂವರೆಗೆ ಅಕ್ಕ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಒಂದು ಕ್ಷಣ ಬಾಗಿಲಲ್ಲಿ ನಿಂತದ್ದು ಅಮ್ಮ ಎನ್ನಿಸಿತು. ಹಾಗೆ ಹೇಳಿದರೆ ಬೈಯುತ್ತಾಳೆ, ಹೇಳಲಿಲ್ಲ.

“ಏನೋ ಇದು, ಸುಟ್ಟ ವಾಸನೆ?” ಆರು ವರ್ಷದ ಮೇಲೆ ಮುಖ ನೋಡಿ ಆಡಿದ ಮೊದಲ ಮಾತು ಇದು.

“ಪಕ್ಕದಂಗಡಿಯಿಂದ.”

“ಗಡಿಯಾರ ಬೇಯಿಸ್ತಿದ್ದಾನಾ?”

ಚೀಲದಿಂದ ಕುಂಕುಮದ ಭರಣಿ ತೆಗೆದಳು. “ಬಾ ಇಲ್ಲಿ, ಬಗ್ಗು. ನಿನ್ನೇದು ಇವತ್ತು ಹಚ್ತೀನಿ. ಯಮ ಏನು ಕ್ಯಾಲೆಂಡರ್ ನೋಡ್ಕೊಂಡು ಕೂತಿರ್ತಾನಾ?” ಹಣೆಗಿಟ್ಟಳು. ಮೂಗಿನ ಮೇಲೆ ಉದುರಿತು. ಅದನ್ನು ತನ್ನ ಸೆರಗಿನಲ್ಲಿ ಒರೆಸಿದಳು, ನನಗೆ ಐವತ್ತೊಂಬತ್ತು ಎನ್ನುವುದು ಮರೆತು.

ಬಡಿಸಿದೆ. ಮನೆಯಲ್ಲಿ ತಿಂದು ಬಂದಿದ್ದೇನೆ ಎಂದವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಬೇಳೆಗೆ ಉಪ್ಪಿಲ್ಲ, ಬದನೆಕಾಯಿ ಬೆಂದಿಲ್ಲ ಎಂದಳು. ಸಿಹಿಯನ್ನವನ್ನು ಬಾಯಿಗಿಟ್ಟು, “ತಳದ್ದು ಎಲ್ಲಿ ಬಚ್ಚಿಟ್ಟಿದ್ದೀಯೋ? ತಾ, ನನಗೆ ಅದೇ ಇಷ್ಟ” ಎಂದಳು. ತಂದುಕೊಟ್ಟೆ.

ಕೈತೊಳೆದು ಒಳಗಿನ ಕೋಣೆಗೆ ಹೋದಳು. ನಾನು ಪಾತ್ರೆ ಎತ್ತುವ ನೆಪದಲ್ಲಿ ಹೊರಗೇ ಉಳಿದೆ. ಇಣುಕಿದರೆ ಕುರ್ಚಿಯ ಮುಂದೆ ನಿಂತಿದ್ದಾಳೆ, ಕಲೆಯ ಮೇಲೆ ಅಂಗೈ ಇಟ್ಟುಕೊಂಡು.

“ಕಸಕ್ಕೆ ಹಾಕಿದೆ ಅಂದ್ಯಲ್ಲೋ.”

“ಅಂದೆ.”

“ಸುಳ್ಳ.”

“ಸುಳ್ಳಲ್ಲ. ಸಿಟ್ಟು.”

ಕೂತಳು. ಸ್ಪ್ರಿಂಗು ಕಿರುಗುಟ್ಟಲಿಲ್ಲ. ಅದು ನನ್ನ ಕೆಲಸ.

“ತದಿಗೆಗೆ ಅಕ್ಕನಿಗೆ ಉಡುಗೊರೆ ಕೊಡ್ಬೇಕು, ಗೊತ್ತಾ?”

“ಅದರ ಮೇಲೇ ಕೂತಿದ್ದೀಯ.”

ಆಮೇಲೆ ಕೈ ಚಾಚಿದಳು. “ಫಾರಂ ಕೊಡು.”

“ಯಾವ ಫಾರಂ?”

“ನನ್ನ ಹತ್ರ ಆಡ್ಬೇಡ. ಹಬ್ಬಕ್ಕೆ ಮೊದ್ಲೇ ಗೊತ್ತು ನನಗೆ.”

ಗುಂಡಿ! ಅವಳ ಗಂಡನಿಗೆ ಎಲ್ಲಾ ಹೇಳುತ್ತೇನೆ. “ಗೊತ್ತಿದ್ದೂ ನಿನ್ನೆ ಯಾಕೆ ಕರೀಲಿಲ್ಲ?” ಎಂದೆ. ಸ್ವಲ್ಪ ಜೋರಾಗಿಯೇ ಬಂತು.

“ಕರೆದಿದ್ರೆ ಏನು ಮಾಡ್ತಿದ್ದೆ? ಕಾಯಿಲೆಯವನು ಅಂತ ಪಾಪ ಅಂದ್ಕೊಂಡು ಕರೆದ್ಲು, ನಾನು ಹೋಗ್ಲಿಲ್ಲ ಅಂತ ಬೀದಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆ. ನಿನ್ನ ಕಂಡಿಲ್ವಾ ನಾನು? ನೀನೇ ಕರೀಲಿ ಅಂತ ಇದ್ದೆ.” ಕನ್ನಡಕ ಹಾಕಿಕೊಂಡಳು. “ಕರೀದೇ ಇದ್ದಿದ್ರೂ ಭಾನುವಾರ ಆಸ್ಪತ್ರೆಗೆ ಬರ್ತಿದ್ದೆ. ಅದು ಬೇರೆ.”

ಕತ್ತರಿಯ ಡಬ್ಬದ ಕೆಳಗಿಂದ ಫಾರಂ ತಂದೆ. ಅದರ ಜೊತೆ ಡಾಕ್ಟರಿಗೆ ತೋರಿಸುವ ಚೀಟಿಯೂ ಬಂದುಬಿಟ್ಟಿತು. ಅಕ್ಕ ಅದನ್ನು ಮೊದಲು ಓದಿದಳು. ‘ನೋವು: ಇಲ್ಲ, ಇಲ್ಲ, ಇಲ್ಲ’ ಎಂದು ಸಾಲಾಗಿ ಇತ್ತು.

“ನಿಜ ಹೇಳು.”

“ಸ್ವಲ್ಪ ಇದೆ. ರಾತ್ರಿ ಜಾಸ್ತಿ.”

ಒಂದೊಂದೇ ‘ಇಲ್ಲ’ವನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಇದೆ’ ಎಂದು ಬರೆದಳು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯಲ್ಲೂ ಹಾಗೇ ಇತ್ತು. ಆಮೇಲೆ ಫಾರಮಿನ ಕೊನೆಯ ಸಾಲಿಗೆ ಸಹಿ ಹಾಕಿ, ಸಂಬಂಧ ಎಂದಿದ್ದ ಕಡೆ ‘ಅಕ್ಕ’ ಎಂದು ಬರೆದಳು. ನಾನು ಬರೆದಿದ್ದರೆ ಚೆಂದ ಇರುತ್ತಿತ್ತು. ಆದರೆ ನಾನು ಬರೆಯುವ ಹಾಗಿಲ್ಲವಂತೆ.

ಮಧ್ಯಾಹ್ನ ಮೂರೂವರೆ. ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ ಎಂದವಳು ಅರ್ಧ ಗಂಟೆಯಿಂದ ನಿದ್ದೆ ಮಾಡುತ್ತಿದ್ದಾಳೆ. ತಲೆ ಸರಿಯಾಗಿ ಆ ಕಲೆಯ ಮೇಲಿದೆ. ಅವಳೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಾಳೆ. ಈಗಷ್ಟೇ ಹೊಲಿದ ಬಟ್ಟೆ. ಎಬ್ಬಿಸಿ ಹೇಳಬೇಕೆಂದು ಎದ್ದೆ, ಮತ್ತೆ ಕೂತೆ.

ಗಡಿಯಾರದವನ ಅಂಗಡಿಗೆ ಹೋಗಿ, ನಾಲ್ಕು ಗಂಟೆಗೆ ಯಾವ ಅಲಾರಮ್ಮೂ ಬಡಿಯಬಾರದು ಎಂದು ಹೇಳಿಬಂದಿದ್ದೇನೆ. ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ ಕೆಂಪು ರೆಕ್ಸಿನ್ನಿನ ತುಂಡು ಮಡಿಸಿ ಇಟ್ಟೆ. ಈಗ ಅಲ್ಲಾಡುವುದಿಲ್ಲ.

ನೋವು: ಇದೆ.